ಚೀನೀ ಅಕ್ಷರಗಳನ್ನು ಬಿಟ್ಟ ಎರಡು ನಾಡುಗಳು

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಲಿಪಿಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಮಾಡಿದಾಗ, ನಾನು ಕೊರಿಯಾ ಮತ್ತು ವಿಯೆಟ್ನಾಂ ಎಂಬ ಎರಡು ದೂರದ ನಾಡುಗಳನ್ನು ಆರಿಸಿಕೊಂಡೆ. ಎರಡೂ ನಾಡುಗಳು ಸಾವಿರ ವರ್ಷಗಳಿಗೂ ಮಿಕ್ಕು ಚೀನೀ ಅಕ್ಷರಗಳಲ್ಲಿ ಬರೆದವು. ಇಪ್ಪತ್ತನೆಯ ಶತಮಾನದಲ್ಲಿ ಅವನ್ನು ಬಹುಮಟ್ಟಿಗೆ ಕೈಬಿಟ್ಟವು. ಬಿಟ್ಟ ದಾರಿ ಮಾತ್ರ ಒಂದೇ ಅಲ್ಲ. ಆ ವ್ಯತ್ಯಾಸದಲ್ಲಿ ನಾವು ಯೋಚಿಸಬೇಕಾದ ಸಂಗತಿಗಳಿವೆ.

ಕೊರಿಯನ್ ಭಾಷೆ ಚೀನೀ ಭಾಷೆಗೆ ಬಂಧುವಲ್ಲ. ಕನ್ನಡದಂತೆಯೇ ಅದು ಪದಕ್ಕೆ ಪ್ರತ್ಯಯಗಳನ್ನು ಪೋಣಿಸುವ, ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇರಿಸುವ ಭಾಷೆ. ಧ್ವನಿಗಿಂತ ಪದವನ್ನೇ ಹಿಡಿದಿಡುವ ಚೀನೀ ಅಕ್ಷರಗಳು ಅದಕ್ಕೆ ಒಗ್ಗಲಿಲ್ಲ. ಸಾವಿರಾರು ಅಕ್ಷರಗಳನ್ನು ಕಲಿಯುವ ಬಿಡುವು ಇದ್ದವರಿಗೆ ಮಾತ್ರ ವಿದ್ಯೆ ದಕ್ಕುತ್ತಿತ್ತು. ಇದನ್ನು ಕಂಡ ಸೇಜೋಂಗ್ ದೊರೆ 1443ರಲ್ಲಿ 28 ಅಕ್ಷರಗಳ ಹೊಸ ವರ್ಣಮಾಲೆಯೊಂದನ್ನು ರೂಪಿಸಿ, 1446ರಲ್ಲಿ ಪ್ರಕಟಿಸಿದ. ಜನಕ್ಕೆ ಕಲಿಸಲು ತಕ್ಕ ಧ್ವನಿಗಳು ಎಂಬುದು ಅವನು ಅದಕ್ಕಿಟ್ಟ ಹೆಸರಿನ ಅರ್ಥ. ನಾಲಗೆ, ತುಟಿ, ಹಲ್ಲು, ಗಂಟಲುಗಳ ಆಕಾರವನ್ನು ನೋಡಿ ಅಕ್ಷರದ ಗೆರೆಗಳನ್ನು ಎಳೆಯಲಾಯಿತು. ಕವರ್ಗ, ಚವರ್ಗ ಎಂದು ಉಚ್ಚಾರಣೆಯ ಸ್ಥಾನ ಹಿಡಿದು ಅಕ್ಷರ ಕಲಿತ ನಮಗೆ ಆ ವಿವೇಕ ಕೂಡಲೇ ಅರ್ಥವಾಗುತ್ತದೆ.

ಪಂಡಿತರಿಗೆ ಮಾತ್ರ ಅದು ಅರ್ಥವಾಗಲಿಲ್ಲ. 1444ರಲ್ಲೇ ಚೋಯ್ ಮಾಲ್ಲಿ ಮೊದಲಾದ ಆಸ್ಥಾನ ವಿದ್ವಾಂಸರು ಪ್ರತಿಭಟಿಸಿ ಮನವಿ ಬರೆದರು. ಚೀನೀ ಅಕ್ಷರವನ್ನು ಬಿಡುವುದೆಂದರೆ ನಾಗರಿಕತೆಯನ್ನೇ ಬಿಟ್ಟು ಅನಾಗರಿಕರ ಸಾಲಿಗೆ ಸೇರುವುದೆಂಬುದು ಅವರ ವಾದ. ಮುಂದೆ 1504ರಲ್ಲಿ ಒಬ್ಬ ದೊರೆ ಈ ಲಿಪಿಯ ಕಲಿಕೆಯನ್ನೇ ನಿಷೇಧಿಸಿದ. ಹಾಗಿದ್ದೂ ಲಿಪಿ ಸಾಯಲಿಲ್ಲ. ರಾಜಸಭೆಯ ಕಡತಗಳಲ್ಲಿ ಸ್ಥಾನ ಸಿಗದ ಅದು ಹೆಂಗಸರ ಪತ್ರಗಳಲ್ಲಿ, ಕಥೆಗಳಲ್ಲಿ, ಹಾಡುಗಳಲ್ಲಿ ನಾಲ್ಕೂವರೆ ಶತಮಾನ ಉಸಿರಾಡಿತು. 1894ರ ರಾಜಾಜ್ಞೆ ಅದನ್ನು ಸರ್ಕಾರಿ ಬರಹಕ್ಕೆ ತಂದಿತು. 1896ರಲ್ಲಿ ಸೊ ಜೇ-ಪಿಲ್ ಹೊರಡಿಸಿದ ಸ್ವತಂತ್ರ ಪತ್ರಿಕೆ ಆ ಲಿಪಿಯಲ್ಲಿಯೇ ಅಚ್ಚಾಯಿತು.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ನಿಘಂಟು ಕಟ್ಟುತ್ತಿದ್ದ ಕೊರಿಯನ್ ಭಾಷಾ ಸಂಘದ ವಿದ್ವಾಂಸರನ್ನು 1942ರಿಂದ ಬಂಧಿಸಲಾಯಿತು. ಇಬ್ಬರು ಸೆರೆಮನೆಯಲ್ಲೇ ಮಡಿದರು. ವಶಪಡಿಸಿಕೊಂಡಿದ್ದ ಹಸ್ತಪ್ರತಿ 1945ರಲ್ಲಿ, ಬಿಡುಗಡೆಯ ನಂತರ, ಸೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ದೊರೆಯಿತು. ಆ ನಿಘಂಟು 1947ರಿಂದ 1957ರವರೆಗೆ ಆರು ಸಂಪುಟಗಳಲ್ಲಿ ಹೊರಬಂದಿತು. ಒಂದು ಲಿಪಿಯನ್ನು ಜನ ಏಕೆ ಪ್ರಾಣದಂತೆ ಹಿಡಿಯುತ್ತಾರೆ ಎಂದು ಕೇಳುವವರಿಗೆ ಇದೇ ಉತ್ತರ. ಉತ್ತರ ಕೊರಿಯಾ 1949ರ ಹೊತ್ತಿಗೆ ಚೀನೀ ಅಕ್ಷರಗಳನ್ನು ಕೈಬಿಟ್ಟಿತು. ದಕ್ಷಿಣದಲ್ಲಿ 1948ರ ಕಾನೂನಿನಿಂದ ಆರಂಭವಾದ ಎಳೆದಾಟ ದಶಕಗಳ ಕಾಲ ನಡೆಯಿತು. ಶಾಲೆಗಳಿಗೆಂದು 1972ರಲ್ಲಿ 1,800 ಚೀನೀ ಅಕ್ಷರಗಳ ಪಟ್ಟಿಯೂ ಬಂತು. 2005ರ ಭಾಷಾ ಕಾಯಿದೆಯನ್ನು 2016ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಎತ್ತಿಹಿಡಿದ ಮೇಲೆ ಹಾಂಗುಲ್ ಲಿಪಿಯ ಸ್ಥಾನ ಭದ್ರವಾಯಿತು.

ವಿಯೆಟ್ನಾಮಿನ ಕಥೆ ಬೇರೆ. ಅಲ್ಲಿಯವರು ಚೀನೀ ಅಕ್ಷರಗಳನ್ನೇ ಜೋಡಿಸಿ, ತಮ್ಮ ಮಾತಿಗೆ ಹೊಂದುವ ನೋಮ್ ಎಂಬ ಲಿಪಿಯನ್ನು ಕಟ್ಟಿಕೊಂಡಿದ್ದರು. ಙುಯೆನ್ ಜು ಕವಿಯ ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು ಸಾಲುಗಳ ‘ಕಿಯೆವ್ ಕಥೆ’ ಮೂಡಿದ್ದು ಆ ಲಿಪಿಯಲ್ಲಿ. ಆದರೆ ಅದನ್ನು ಓದಲು ಮೊದಲು ಚೀನೀ ಅಕ್ಷರಗಳೇ ಬರಬೇಕು! ಇತ್ತ ಪೋರ್ಚುಗೀಸ್ ಮೊದಲಾದ ಪಾದ್ರಿಗಳು ಧರ್ಮಪ್ರಚಾರಕ್ಕಾಗಿ ಆ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಂಡರು. ಅಲೆಕ್ಸಾಂದ್ರ್ ದ ರೋಡ್ಸ್ ಎಂಬ ಪಾದ್ರಿಯ ನಿಘಂಟು 1651ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಎರಡು ಶತಮಾನಗಳ ನಂತರ ಬಂದ ಫ್ರೆಂಚ್ ಆಡಳಿತ, ಚೀನೀ ಪ್ರಭಾವದ ಪಂಡಿತವರ್ಗದಿಂದ ಜನರನ್ನು ಬಿಡಿಸುವ ಉಪಾಯವಾಗಿ, ಈ ಬರಹವನ್ನು ಮುಂದೆ ಮಾಡಿತು.

ಪರಕೀಯರ ಈ ಆಯುಧವನ್ನು ದೇಶಭಕ್ತರು ತಮ್ಮ ಕೈಗೆ ತೆಗೆದುಕೊಂಡರು. 1907ರಲ್ಲಿ ಹನೋಯಿಯಲ್ಲಿ ತೆರೆದ ಸ್ವದೇಶೀ ಶಾಲೆ ಇದೇ ಲಿಪಿಯಲ್ಲಿ ಪಾಠ ಹೇಳಿತು. ಫ್ರೆಂಚರು ಅದೇ ವರ್ಷ ಅದನ್ನು ಮುಚ್ಚಿಸಿದರು. ಚೀನೀ ಮಾದರಿಯ ಪಂಡಿತ ಪರೀಕ್ಷೆಗಳು 1919ರಲ್ಲಿ ಕೊನೆಗೊಂಡವು. 1945ರ ಸೆಪ್ಟೆಂಬರಿನಲ್ಲಿ ಸ್ವಾತಂತ್ರ್ಯ ಘೋಷಿಸಿದ ಕೆಲವೇ ದಿನಗಳಲ್ಲಿ ಹೋ ಚಿ ಮಿನ್ ಸರ್ಕಾರ ಜನಶಿಕ್ಷಣದ ಆಜ್ಞೆಯನ್ನು ಹೊರಡಿಸಿತು. ಅದೇ ಹೋ ಚಿ ಮಿನ್ ಅದಕ್ಕೆ ಎರಡು ಮೂರು ವರ್ಷ ಮುಂಚೆ ಸೆರೆಯಲ್ಲಿ ಬರೆದ ಕವಿತೆಗಳು ಹಳೆಯ ಚೀನೀ ಭಾಷೆಯಲ್ಲಿದ್ದವು ಎಂಬುದನ್ನು ಮರೆಯಬಾರದು. ಹಳೆಯದರ ರುಚಿ ಬಲ್ಲವನೇ, ಬಹುಜನರ ಹಿತಕ್ಕಾಗಿ ಹೊಸದನ್ನು ಆರಿಸಿದ.

ಇಲ್ಲಿ ನಷ್ಟವೂ ಇದೆ. ಹನೋಯಿಯ ಸಾಹಿತ್ಯ ದೇಗುಲದಲ್ಲಿ ಆಮೆಗಳ ಬೆನ್ನಮೇಲೆ ನಿಂತ 82 ಶಿಲಾಶಾಸನಗಳಿವೆ. ಅವು ನಾಡಿನ ವಿದ್ವಾಂಸರ ಹೆಸರುಗಳನ್ನು ಹೊತ್ತಿವೆ. ಇಂದಿನ ವಿಯೆಟ್ನಾಮೀಯರಲ್ಲಿ ಹೆಚ್ಚಿನವರಿಗೆ ತಮ್ಮ ಪೂರ್ವಿಕರ ಆ ಹೆಸರುಗಳನ್ನು ಓದಲಾಗದು. ಕೊರಿಯಾದಲ್ಲಿ ಚೀನೀ ಮೂಲದ ಪದಗಳು ಹೇರಳವಾಗಿ ಉಳಿದಿವೆ; ರಾಜಧಾನಿಗೂ ನೀರಿನ ಕೊಳಾಯಿಗೂ ‘ಸೂದೋ’ ಎಂಬುದೇ ಪದ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಲಿಪಿ ಹೋದರೂ ಪದಗಳು ಹೋಗಲಿಲ್ಲ. ಲಿಪಿಯನ್ನು ತೊರೆಯುವುದು ಬೇರೆ, ಸಂಸ್ಕಾರವನ್ನು ತೊರೆಯುವುದು ಬೇರೆ.

ಬಂಧುಗಳೆ, ಒಂದು ಲಿಪಿ ದೊರೆಯ ಕೈಯಲ್ಲಿ ಹುಟ್ಟಿಯೂ ಶತಮಾನಗಳ ಕಾಲ ತಾತ್ಸಾರ ಉಂಡಿತು. ಇನ್ನೊಂದು ಪರದೇಶಿಗಳ ಕೈಯಲ್ಲಿ ಹುಟ್ಟಿಯೂ ಜನರ ಸ್ವತ್ತಾಯಿತು. ಹಾಗಾದರೆ ಲಿಪಿಯನ್ನು ನಮ್ಮದಾಗಿಸುವುದು ಅದರ ಹುಟ್ಟಲ್ಲ, ಬಳಕೆ. ನಮ್ಮ ಲಿಪಿಯನ್ನು ಯಾವ ಸರ್ಕಾರವೂ ನಿಷೇಧಿಸಿಲ್ಲ. ಆದರೂ ಹೊರನಾಡಿನಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳು, ಮನೆಯಲ್ಲಿ ಕನ್ನಡ ಮಾತನಾಡಿಯೂ, ಅಜ್ಜನ ಪತ್ರದ ಮುಂದೆ ಹನೋಯಿಯ ಶಾಸನದ ಮುಂದೆ ನಿಂತವರಂತೆ ನಿಲ್ಲುತ್ತಾರೆ. ವಿಯೆಟ್ನಾಂ ಆ ಬೆಲೆ ತೆತ್ತು ಇಡೀ ನಾಡಿಗೆ ಅಕ್ಷರ ಕೊಟ್ಟಿತು. ನಾವು ಅದೇ ಬೆಲೆ ತೆತ್ತು ಪಡೆಯುತ್ತಿರುವುದೇನು?

ರಾಜಾಶ್ರಯವಿಲ್ಲದಾಗ ಕೊರಿಯಾದ ಲಿಪಿಯನ್ನು ಉಳಿಸಿದ್ದು ಮನೆ. ಹೊರನಾಡಿನಲ್ಲಿ ನಮಗೂ ರಾಜಾಶ್ರಯವಿಲ್ಲ, ಮನೆಯುಂಟು, ಸಂಘವುಂಟು. ವಾರಕ್ಕೊಂದು ಕನ್ನಡ ಪತ್ರವನ್ನು ಮಕ್ಕಳಿಂದ ಊರಿಗೆ ಬರೆಸಿದರೆ, ಅದೇ ನಮ್ಮ ರಾಜಾಜ್ಞೆ.