ಹವ್ಯಾಸಿ ರೇಡಿಯೋ ಉಪಗ್ರಹಗಳ ಮೂಲಕ ಮಾತನಾಡುವ ಬಗೆ

(ಕಾಮಸಮುದ್ರದ ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಭಾಷಣಕ್ಕೆ ನಿಂತನೆಂದರೆ ಕಾಂಪೋಸ್ಟ್ ಗುಂಡಿಯ ಮಾತೋ ಟೊಮೆಟೊ ರೋಗದ ಮಾತೋ ಬರುತ್ತದೆಂದು ತಾವು ಎಣಿಸಿರಬಹುದು. ಅವೆರಡನ್ನೂ ಈ ದಿನ ಬದಿಗಿಟ್ಟಿದ್ದೇನೆ. ಹೋದ ತಿಂಗಳು ಸಂಜೆಯ ಹೊತ್ತಿನಲ್ಲಿ ನಾನು ಕೆರೆ ಏರಿಯ ಮೇಲೆ ನಿಂತು, ಕೈಯಲ್ಲೊಂದು ಕಡ್ಡಿಗಳ ಚೌಕಟ್ಟು ಹಿಡಿದು ಆಕಾಶದತ್ತ ತೋರಿಸುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಬೋರ್‌ವೆಲ್‌ಗೆ ನೀರಿನ ಜಾಗ ನೋಡುತ್ತಿದ್ದಾನೆಂದು ಕೆಲವರು ತಿಳಿದಿರಿ. ಒಬ್ಬ ಹಿರಿಯರಂತೂ ಸುಲಿದ ತೆಂಗಿನಕಾಯಿಯನ್ನೇ ತಂದುಕೊಡುವುದರಲ್ಲಿದ್ದರು. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ ಆನೆಯನ್ನು ಹುಡುಕುತ್ತಿದ್ದಾನೆಂದು ಇನ್ನು ಕೆಲವರು ಹೇಳಿದರಂತೆ. ನೀರೂ ಅಲ್ಲ, ಆನೆಯೂ ಅಲ್ಲ. ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲೆ ಹಾದುಹೋಗುತ್ತಿದ್ದ ಒಂದು ರೇಡಿಯೋ ಯಂತ್ರದ ಮೂಲಕ, ದೂರದ ಊರಿನ ಒಬ್ಬರೊಡನೆ ಮಾತನಾಡಲು ಹೆಣಗುತ್ತಿದ್ದೆ. ಈ ಹುಚ್ಚು ಏಕೆ ಹತ್ತಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

2021ರ ನವೆಂಬರಿನ ಮಳೆ ತಮಗೆ ನೆನಪಿದೆ. ಕೊಯ್ದು ಹಾಕಿದ ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು. ಆಗ ನಾನು ಕೃಷಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ನಮ್ಮೂರಿನಲ್ಲಿ ಮೊದಲು ಕರೆಂಟು ಹೋಯಿತು. ಗೋಪುರದ ಬ್ಯಾಟರಿ ಇಳಿದ ಮೇಲೆ ಮೊಬೈಲೂ ಸುಮ್ಮನಾಯಿತು. ಅದೇ ರಾತ್ರಿ ನೆರೆಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿತು. ಟ್ರಾಕ್ಟರಿಗೆ ಟಾರ್ಪಾಲು ಹೊದಿಸಿ ಆಸ್ಪತ್ರೆಗೆ ಸಾಗಿಸಿದೆವು. ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಗಂಡನಿಗೆ ಸುದ್ದಿ ಮುಟ್ಟಿದ್ದು ಮೂರನೆಯ ದಿನ. ದಿನಾಲೂ ನಮ್ಮ ಜನ ರೈಲಿನಲ್ಲಿ ಹೋಗಿ ಬರುವ ದೂರ ಅದು! ಒಂದು ಮಾತು ಅಲ್ಲಿಗೆ ಹೋಗಲಾರದೆ ಹೋಯಿತಲ್ಲ ಎಂಬ ಸಂಕಟ ನನ್ನಲ್ಲಿ ಉಳಿಯಿತು. ಗೋಪುರವಿಲ್ಲದೆ, ಕರೆಂಟಿಲ್ಲದೆ ಮಾತು ಕಳಿಸುವ ಉಪಾಯ ಯಾವುದೆಂದು ವಿಚಾರಿಸುತ್ತಾ ಹೋದಾಗ ಹವ್ಯಾಸಿ ರೇಡಿಯೋ ಸಿಕ್ಕಿತು. ಇದನ್ನು ಹ್ಯಾಮ್ ರೇಡಿಯೋ ಎಂದೂ ಕರೆಯುತ್ತಾರೆ.

ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ಸ್ವಂತ ರೇಡಿಯೋದಿಂದ ಪರಸ್ಪರ ಮಾತನಾಡುವವರು ಇವರು. ವಿನೋದಕ್ಕೆ ಕಲಿತದ್ದು ವಿಪತ್ತಿಗೆ ಒದಗುತ್ತದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯ ತಂಡ ಇದೇ ಹವ್ಯಾಸಕ್ಕಾಗಿ ಅನುಮತಿ ಪಡೆದು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿತ್ತು. 26ನೆಯ ತಾರೀಖು ಸುನಾಮಿ ಬಂತು, ದೂರವಾಣಿ ಕೆಟ್ಟಿತು. ಆಗ ಈ ತಂಡದವರು ಬದುಕಿ ಉಳಿದವರ ಸುದ್ದಿಯನ್ನು ತಮ್ಮ ಯಂತ್ರದಿಂದಲೇ ಮುಖ್ಯ ಭೂಮಿಗೆ ಮುಟ್ಟಿಸುತ್ತಾ ಕುಳಿತರು. ಅವರು ಬಳಸಿದ್ದು ಉಪಗ್ರಹವನ್ನಲ್ಲ, ಶಾರ್ಟ್‌ವೇವ್ ರೇಡಿಯೋವನ್ನು ಎಂಬುದನ್ನೂ ಹೇಳಿಬಿಡಬೇಕು. ಆದರೆ ವಿದ್ಯೆ ಒಂದೇ.

ನಮ್ಮ ಸೀಮೆಗೆ ರೇಡಿಯೋ ಪರಕೀಯವೇನಲ್ಲ. ಪಕ್ಕದ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಆರಂಭಿಸಿದವು. ಹಳ್ಳಿಯ ಸಮುದಾಯ ಸಂಸ್ಥೆಗಳಿಗೆ ರೇಡಿಯೋ ಪರವಾನಗಿ ಕೊಡುವ ನಿಯಮ ಬಂದದ್ದೇ 2006ರಲ್ಲಿ. ಅದಕ್ಕೆ ಮುಂಚೆ ಬೂದಿಕೋಟೆಯವರು ಗಾಳಿಯಲ್ಲಿ ಕಳಿಸಲಾಗದ ದನಿಯನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಕಳಿಸಿದರು. ಇನ್ನು ಆಕಾಶದ ವಿಷಯಕ್ಕೆ ಬಂದರೆ, ಕೋಲಾರ ಚಿನ್ನದ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ ಇಳಿದು, ಮೇಲಿನ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಗುರುತನ್ನು ವಿಜ್ಞಾನಿಗಳು 1965ರಲ್ಲಿ ಹಿಡಿದರು. ಪಾತಾಳದಲ್ಲಿ ಕುಳಿತು ಆಕಾಶವನ್ನು ವಿಚಾರಿಸಿದ ಜಿಲ್ಲೆ ನಮ್ಮದು. ಕೆರೆ ಏರಿಯ ಮೇಲೆ ನಿಂತು ವಿಚಾರಿಸುವುದು ಅದಕ್ಕಿಂತ ಸುಲಭ.

ಉಪಗ್ರಹ ಏಕೆ ಬೇಕು? ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋದ ಅಲೆ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ. ನಡುವೆ ಗುಡ್ಡ ಬಂದರೆ ಮುಗಿಯಿತು. ಬಯಲಿನಲ್ಲಿಯೂ ಕೆಲವೇ ಕಿಲೋಮೀಟರು. ಹೊಲದಲ್ಲಿ ನಿಂತವನಿಗಿಂತ ಅಟ್ಟಣೆ ಹತ್ತಿದವನಿಗೆ ಹೆಚ್ಚು ದೂರ ಕಾಣುವುದಿಲ್ಲವೇ? 400 ಕಿಲೋಮೀಟರ್ ಎತ್ತರದ ಅಟ್ಟಣೆಯಿಂದ ಸುತ್ತಲೂ ಸುಮಾರು 2200 ಕಿಲೋಮೀಟರ್ ಕಾಣುತ್ತದೆ. ಅದು ನಮ್ಮ ನೆತ್ತಿಯ ಮೇಲಿದ್ದಾಗ ದೆಹಲಿಯೂ ಅದಕ್ಕೆ ಕಾಣುತ್ತದೆ, ಶ್ರೀಲಂಕೆಯೂ ಕಾಣುತ್ತದೆ. ಕೆಳಗಿನಿಂದ ಒಬ್ಬರು ಆಡಿದ್ದನ್ನು ಒಂದು ಅಲೆಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದು ಅಲೆಯಲ್ಲಿ ಎಲ್ಲರಿಗೂ ಮರಳಿ ಹೇಳುವುದಷ್ಟೇ ಅದರ ಕೆಲಸ.

ಹವ್ಯಾಸಿಗಳ ಮೊದಲ ಉಪಗ್ರಹ ಆಸ್ಕರ್ ಹಾರಿದ್ದು 1961ರ ಡಿಸೆಂಬರ್ 12ರಂದು. ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎನ್ನುವುದೊಂದೇ ಅದಕ್ಕೆ ಬರುತ್ತಿದ್ದ ಮಾತು. ನಮ್ಮ ದೇಶದ್ದು ಹ್ಯಾಮ್‌ಸ್ಯಾಟ್. ಬೆಂಗಳೂರಿನಲ್ಲಿ ಇಸ್ರೋದವರು ರೂಪಿಸಿದ 42.5 ಕಿಲೋಗ್ರಾಂ ತೂಕದ ಪೆಟ್ಟಿಗೆ. ಎಂದರೆ ಅರ್ಧ ಕ್ವಿಂಟಾಲಿಗೂ ಕಡಿಮೆ. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಕಾರ್ಟೊಸ್ಯಾಟ್-1ರ ಜೊತೆಗೆ ಮೇಲೇರಿತು. ಮಾತು ಮರಳಿಸುವ ಯಂತ್ರಗಳು ಅದರಲ್ಲಿ ಎರಡಿದ್ದವು: ಒಂದು ನಮ್ಮವರದು, ಇನ್ನೊಂದು ವಿಲಿಯಂ ಲೈಯೆನಾರ್ ಎಂಬ ನೆದರ್‌ಲೆಂಡ್ಸ್ ವಿದ್ಯಾರ್ಥಿ ಮಾಡಿಕೊಟ್ಟದ್ದು. ಎರಡು ವರ್ಷ ಬಾಳಿದರೆ ಸಾಕೆಂದು ಎಣಿಸಿದ್ದ ಈ ಪೆಟ್ಟಿಗೆ ಒಂಬತ್ತು ವರ್ಷ ದುಡಿಯಿತು. 2014ರ ಜುಲೈಯಲ್ಲಿ ಬ್ಯಾಟರಿ ಕೈಕೊಟ್ಟು ನಿಂತಿತು. ಅದರ ಮೂಲಕ ಮಾತನಾಡುವ ಭಾಗ್ಯ ನನಗೆ ಸಿಗಲಿಲ್ಲ. ಆಗ ನಾನಿನ್ನೂ ಶಾಲೆಯ ಹುಡುಗ.

ಬ್ಯಾಟರಿಯ ಮಾತು ಬಂದದ್ದರಿಂದ ಇನ್ನೊಂದು ಕತೆ. 1974ರ ನವೆಂಬರಿನಲ್ಲಿ ಹಾರಿಸಿದ ಆಸ್ಕರ್-7 ಎಂಬುದು 1981ರಲ್ಲಿ ಬ್ಯಾಟರಿ ಕೆಟ್ಟು ಸತ್ತಿತು. ಎಲ್ಲರೂ ಮರೆತರು. 2002ರಲ್ಲಿ ಅದರ ದನಿ ಮತ್ತೆ ಕೇಳಿಸಿತು! ಒಳಗೆ ಅಂಟಿಕೊಂಡಿದ್ದ ಬ್ಯಾಟರಿಯ ತಂತು ತಾನಾಗಿ ಬಿಟ್ಟುಕೊಂಡಿತಂತೆ. ಅಂದಿನಿಂದ ಬಿಸಿಲು ಬಿದ್ದಾಗ ಏಳುತ್ತದೆ, ನೆರಳಿಗೆ ಹೋದಾಗ ಮಲಗುತ್ತದೆ. ಬ್ಯಾಟರಿಯಿಲ್ಲದ ನಮ್ಮ ಸೋಲಾರ್ ಪಂಪಿನ ಹಾಗೆಯೇ.

ಈಗ ನಾನು ಬಳಸುತ್ತಿರುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಹವ್ಯಾಸಿ ರೇಡಿಯೋ ಯಂತ್ರ. 2025ರ ಜುಲೈ 4ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಿಂದ ಮಕ್ಕಳು ಗಗನಯಾತ್ರಿ ಶುಭಾಂಶು ಶುಕ್ಲಾ ಅವರೊಡನೆ ಮಾತನಾಡಿದ್ದೂ ಹವ್ಯಾಸಿ ರೇಡಿಯೋದಲ್ಲಿಯೇ. ಬೇರೆ ದಿನಗಳಲ್ಲಿ ಅಲ್ಲಿನ ಯಂತ್ರ ನಮ್ಮಂಥವರ ಮಾತನ್ನು ಮರಳಿಸುತ್ತದೆ. ಗಗನಯಾತ್ರಿಗಳು ನಿಲ್ದಾಣದ ಹೊರಗೆ ಬರುವಂಥ ದಿನ ಅದನ್ನು ಆರಿಸಿಡುತ್ತಾರೆ, ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಸಾಮಾನು ಹೆಚ್ಚೇನಿಲ್ಲ. 5 ವಾಟ್‌ನ ಎರಡು ಬ್ಯಾಂಡಿನ ಕೈ ರೇಡಿಯೋ ಒಂದು. ಆಂಟೆನಾಕ್ಕೆ ಬೆನ್ನೆಲುಬಾಗಿ ತೋಟದಲ್ಲಿ ಉಳಿದ ಪಿ.ವಿ.ಸಿ. ಪೈಪಿನ ತುಂಡು. ಅದಕ್ಕೆ ಅಡ್ಡಲಾಗಿ ಅಲ್ಯೂಮಿನಿಯಂ ಕಡ್ಡಿಗಳು: ಕಳಿಸುವ ಅಲೆಗೆ ಸುಮಾರು 1 ಮೀಟರ್ ಉದ್ದದವು, ಕೇಳುವ ಅಲೆಗೆ ಸುಮಾರು 33 ಸೆಂಟಿಮೀಟರಿನವು. ಮಧ್ಯದ ಕಡ್ಡಿಯನ್ನು ಎರಡಾಗಿ ತುಂಡರಿಸಿ ಕೇಬಲ್ ಜೋಡಿಸಬೇಕು. ಹಿಂದಿನದು ಅದಕ್ಕಿಂತ ತುಸು ಉದ್ದ, ಮುಂದಿನದು ತುಸು ಗಿಡ್ಡ. ಅಳತೆಯಲ್ಲಿ ಉದಾಸೀನ ಕೂಡದು. ಒಂದು ಬೆರಳಿನಷ್ಟು ಹೆಚ್ಚುಕಡಿಮೆಯಾದರೆ ಚಿಕ್ಕ ಕಡ್ಡಿಗಳು ಕೆಲಸಕ್ಕೆ ಬಾರವು.

ನಿಲ್ದಾಣ ಸುಮಾರು ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ದಿನಕ್ಕೆ ನಾಲ್ಕೈದು ಸಲ ನಮ್ಮ ದಿಗಂತದ ಮೇಲೆ ಬಂದರೂ ಚೆನ್ನಾಗಿ ಎತ್ತರಕ್ಕೆ ಏರುವುದು ಒಂದೋ ಎರಡೋ ಸಲ. ಅದು ಮೂಡಿ ಮುಳುಗುವ ತನಕ ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ. ಅದರ ವೇಳೆಯನ್ನು ಮೊಬೈಲಿನಲ್ಲಿಯೇ ಮುಂಚಿತವಾಗಿ ನೋಡಿ ಬರೆದಿಟ್ಟುಕೊಳ್ಳಬಹುದು. ಕಳಿಸುವುದು 145.990 ಮೆಗಾಹರ್ಟ್ಸ್‌ನಲ್ಲಿ, ಕೇಳುವುದು 437.800ರಲ್ಲಿ. ಆದರೆ ಇಲ್ಲಿ ಒಂದು ತೊಡಕುಂಟು. ಕಾಮಸಮುದ್ರ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಗಾಡಿಯ ಸಿಳ್ಳನ್ನು ಗಮನಿಸಿದ್ದೀರಲ್ಲ? ಎದುರು ಬರುವಾಗ ಕೀರಲು, ದಾಟಿದ ಕೂಡಲೆ ದಪ್ಪ. ಸಿಳ್ಳು ಬದಲಾಗುವುದಿಲ್ಲ, ಗಾಡಿಯ ಓಟದಿಂದ ನಮ್ಮ ಕಿವಿಗೆ ಹಾಗಾಗುತ್ತದೆ. ಗಂಟೆಗೆ 28,000 ಕಿಲೋಮೀಟರ್ ಓಡುವ ನಿಲ್ದಾಣದ ಅಲೆಯೂ ಹಾಗೆಯೇ. ಮೂಡುವಾಗ 437.810ರಲ್ಲಿ ಕೇಳಬೇಕು, ನೆತ್ತಿಗೆ ಬಂದಾಗ 437.800, ಇಳಿಯುವಾಗ 437.790. ಒಂದು ಕೈಯಲ್ಲಿ ಇದನ್ನು ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಆಂಟೆನಾವನ್ನು ನಿಲ್ದಾಣದ ಹಿಂದೆಯೇ ಒಯ್ಯುತ್ತಾ, ದನಿ ಕುಗ್ಗಿದಾಗ ಮಣಿಕಟ್ಟನ್ನು ಕಾಲು ಸುತ್ತು ಹೊರಳಿಸುತ್ತಾ ಇರಬೇಕು. ನೇಗಿಲ ಮೇಣಿ ಹಿಡಿದವರಿಗೆ ಇದು ಬೇಗ ಒಲಿಯುತ್ತದೆಂದು ನನ್ನ ನಂಬಿಕೆ.

ನನಗೆ ಬೇಗ ಒಲಿಯಲಿಲ್ಲ. ಮೊದಲ ದಿನ ಹತ್ತು ನಿಮಿಷ ಗಾಳಿಯೊಡನೆ ಮಾತನಾಡಿದೆ. ಮಾತಿನ ಜೊತೆಗೆ 67 ಹರ್ಟ್ಸ್‌ನ ಒಂದು ಮೆಲುಸ್ವರ ಹೋದರೆ ಮಾತ್ರ ಅಲ್ಲಿನ ಯಂತ್ರ ಕದ ತೆರೆಯುತ್ತದೆ. ಆ ಸ್ವರವನ್ನು ಹಾಕುವುದನ್ನೇ ಮರೆತಿದ್ದೆ. ಎರಡನೆಯ ದಿನ ಕದ ತೆರೆಯಿತು. ಸಂತೋಷದಲ್ಲಿ ಹೆಸರು, ಊರು, ಮಳೆ, ಬೆಳೆ ಎಲ್ಲ ಹೇಳುತ್ತಾ ಹೋದೆ. ಬಿಟ್ಟಾಗ ಯಾರೋ ಶಾಂತವಾಗಿ ಇಂಗ್ಲಿಷಿನಲ್ಲಿ, ಇನ್ನೂ ಆರು ಜನ ಕಾಯುತ್ತಿದ್ದಾರೆ ಎಂದರು. ಕೆರೆಯ ತೂಬು ಒಂದೇ, ಗದ್ದೆ ಹಲವು. ಸರದಿ ತಪ್ಪಿಸಿದವನು ಗ್ರಾಮಸೇವಕನೇ! ಮುಖ ಕಾಣದಿದ್ದುದೇ ಪುಣ್ಯ. ಅಂದಿನಿಂದ ನನ್ನ ಕರೆಹೆಸರು, ನನ್ನ ಚೌಕ, ಕೊನೆಗೆ 73, ಇಷ್ಟೇ. 73 ಎಂದರೆ ಅವರ ಭಾಷೆಯಲ್ಲಿ ಶುಭಾಶಯ. ಮೂರನೆಯ ಪ್ರಯತ್ನದಲ್ಲಿ ಶ್ರೀಲಂಕೆಯ ಒಬ್ಬರು ಉತ್ತರ ಕೊಟ್ಟರು. ಎಲ್ಲ ಸೇರಿ ಇಪ್ಪತ್ತು ಸೆಕೆಂಡಿನ ಮಾತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚೌಕವೆಂದರೆ ಭೂಮಿಯ ಸರ್ವೆ ನಂಬರು. ಇಡೀ ಭೂಗೋಳವನ್ನು ಹವ್ಯಾಸಿಗಳು ಚೌಕಗಳಾಗಿ ಹಂಚಿದ್ದಾರೆ. ಬೆಂಗಳೂರು ನಗರದ ಬಹುಭಾಗ ಎಂ.ಕೆ. 82ರಲ್ಲಿದೆ, ಕೋಲಾರ ಪಟ್ಟಣ ಎಂ.ಕೆ. 93ರಲ್ಲಿ. ನಮ್ಮ ಕಾಮಸಮುದ್ರ ಎಂ.ಕೆ. 92. ಬೇರೆ ಬೇರೆ ಚೌಕದವರೊಡನೆ ಮಾತನಾಡಿ ಲೆಕ್ಕ ಇಡುವುದು ಇವರಿಗೆ ಬಲು ಪ್ರೀತಿ. ಆದುದರಿಂದ ದೊಡ್ಡ ನಗರದವನಿಗಿಂತ ನಮ್ಮಂಥ ಮೂಲೆಯವನ ಕರೆಗೆ ಎಷ್ಟೋ ಸಲ ಬೇಗ ಉತ್ತರ ಬರುತ್ತದೆ. ಈ ಒಂದು ಬಾಬತ್ತಿನಲ್ಲಾದರೂ ಹಳ್ಳಿಗೆ ಬೆಲೆ ಹೆಚ್ಚು.

ಇನ್ನು ತಮ್ಮ ಪ್ರಶ್ನೆ ನನಗೆ ಗೊತ್ತು. ಇದರಿಂದ ಟೊಮೆಟೊ ಧಾರಣೆ ಕೇಳಬಹುದೇ? ಕೂಡದು, ವ್ಯಾಪಾರದ ಮಾತಿಗೆ ಈ ರೇಡಿಯೋದಲ್ಲಿ ಅಪ್ಪಣೆಯಿಲ್ಲ. ಆ ಮಳೆಯ ರಾತ್ರಿ ಇದು ಇದ್ದಿದ್ದರೆ? ನೆರೆಮನೆಯವರು ಕೇಳಿದ್ದೂ ಇದನ್ನೇ. ಪ್ರಾಮಾಣಿಕವಾಗಿ ಹೇಳುತ್ತೇನೆ, ಹೆರಿಗೆ ನೋವು ಉಪಗ್ರಹದ ವೇಳೆಗೆ ಕಾಯುವುದಿಲ್ಲ. ಆ ರಾತ್ರಿ ಉಪಯೋಗಕ್ಕೆ ಬರುತ್ತಿದ್ದುದು ಬಂಗಾರಪೇಟೆಯಲ್ಲಿ ಒಬ್ಬ, ಬೆಂಗಳೂರಿನಲ್ಲಿ ಒಬ್ಬ, ನಮ್ಮೂರಿನಲ್ಲಿ ಒಬ್ಬ ಹೀಗೆ ಪರವಾನಗಿ ಇದ್ದವರ ಸಾಲು. ಎತ್ತರದ ಮೇಲೊಂದು ಆಂಟೆನಾ. ತುಂಬಿದ ಒಂದು ಬ್ಯಾಟರಿ. ಉಪಗ್ರಹದಿಂದ ಸಿಗುವುದು ಅಭ್ಯಾಸ. ಬ್ಯಾಟರಿಯನ್ನು ತುಂಬಿಸಿಡುವ, ಹತ್ತು ನಿಮಿಷದೊಳಗೆ ಕೆಲಸ ಮುಗಿಸುವ, ನಾಲ್ಕು ಮಾತಿನಲ್ಲಿ ವಿಷಯ ಹೇಳುವ, ಮಿಕ್ಕ ಹೊತ್ತು ಸುಮ್ಮನೆ ಕೇಳುವ ಅಭ್ಯಾಸ. ಅಂಥ ಸಾಲು ನಮ್ಮಲ್ಲಿ ಇನ್ನೂ ಇಲ್ಲ. ಸದ್ಯಕ್ಕೆ ನಾನೊಬ್ಬನೇ, ನನಗೆ ವರ್ಗವಾದರೆ ಅದೂ ಇಲ್ಲ.

ಅದಕ್ಕಾಗಿಯೇ ಈ ಭಾಷಣ. 12 ವರ್ಷ ತುಂಬಿದ ಯಾರೂ ಪರೀಕ್ಷೆಗೆ ಕೂರಬಹುದು. ಕೇಂದ್ರ ಸರ್ಕಾರದ ಸಂಪರ್ಕ ಮಂತ್ರಾಲಯದ ವೈರ್‌ಲೆಸ್ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ. ವಿದ್ಯುತ್ತು, ರೇಡಿಯೋಗಳ ಮೂಲ ಪಾಠ ಮತ್ತು ನಿಯಮಗಳು ಸಾಕು. ಹೈಸ್ಕೂಲಿನ ವಿಜ್ಞಾನ ಓದಿದ ಹುಡುಗ ಹುಡುಗಿಯರಿಗೆ ಮೂರು ತಿಂಗಳ ಸಂಜೆ ಪಾಠದಲ್ಲಿ ನಾನು ಕಲಿಸಬಲ್ಲೆ. ಪರವಾನಗಿಗೆ ಮೊದಲು ರೇಡಿಯೋ ಕೊಳ್ಳಬೇಡಿರಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತಂದು ಮಾತನಾಡಿದರೆ ಅದು ಅಪರಾಧ.

ಬರುವ ಶನಿವಾರ ಸಂಜೆ ಕೆರೆ ಏರಿಯ ಮೇಲೆ ಸೇರೋಣ. ನಿಲ್ದಾಣ ಮೂಡುವ ವೇಳೆಯನ್ನು ಹಿಂದಿನ ದಿನ ಹಾಲಿನ ಡೈರಿಯ ಹಲಗೆಯ ಮೇಲೆ ಬರೆದಿರುತ್ತೇನೆ. ಕತ್ತಲಾದ ಮೇಲಿನ ವೇಳೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಆನೆ ಇಳಿಯುವ ದಿನಗಳಲ್ಲಿ ಆಕಾಶ ನೋಡುತ್ತಾ ನಿಲ್ಲುವುದು ಜಾಣತನವಲ್ಲ. ಎರಡು ಮೀಟರ್ ಹಳೆಯ ಪೈಪು ಇದ್ದವರು ತನ್ನಿರಿ, ಕಡ್ಡಿ ಕತ್ತರಿಸುವ ಗರಗಸ ನನ್ನ ಹತ್ತಿರ ಇದೆ.