ಕೇರಿಯ ಮಗು ಕೇಳುವ ಪ್ರಶ್ನೆ

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಕೇರಿಗಳ ತಂದೆ ತಾಯಂದಿರ ಸಭೆಯಲ್ಲಿ ಆಡಿದ ಮಾತು)



ಮೊದಲೇ ಹೇಳಿಬಿಡ್ತೀನಿ, ನನಗಿನ್ನೂ ಮದುವೆ ಆಗಿಲ್ಲ. ಬಿ.ಎ. ಓದಿ ನಾಲ್ಕು ಪದ್ಯ ಬರೆದ ಹುಡುಗ ಹೆತ್ತು ಹೊತ್ತ ಅವ್ವಂದಿರಿಗೆ ಮಕ್ಕಳು ಸಾಕೋದನ್ನ ಹೇಳಿಕೊಡೋಕೆ ಬಂದವನೆ ಅಂತ ನೀವು ನಕ್ಕರೆ ನಾನೂ ಜೊತೆಗೆ ನಗ್ತೀನಿ. ಆದರೆ ನಾನು ಕೇರಿಯ ಮಗುವಾಗಿದ್ದದ್ದು ಬಹಳ ಹಿಂದಿನ ಮಾತೇನಲ್ಲ. ಆ ಕಡೆಯಿಂದ ಮಾತಾಡ್ತೀನಿ.

ಮಗುವಿಗೆ ಮೊಟ್ಟೆ ಕೊಡಿ, ಚುಚ್ಚುಮದ್ದು ಹಾಕಿಸಿ ಅಂತ ಅಂಗನವಾಡಿಯವರು ಹೇಳ್ತಾರೆ. ಒಳ್ಳೆಯದು. ಅದರ ಮನಸ್ಸಿಗೆ ಏನು ಬೇಕು ಅಂತ ಕೇರಿಗೆ ಬಂದು ಹೇಳಿದವರಿಲ್ಲ. ಪೇಟೆಯವರ ಪುಸ್ತಕಗಳಲ್ಲಿ ಇದೆ: ಮಗುವಿಗೆ ಬೇರೆ ಕೋಣೆ ಕೊಡಿ, ಮಲಗುವ ಮುಂಚೆ ಕತೆ ಓದಿ ಹೇಳಿ. ಆಲೂಗೆಡ್ಡೆ ಅಗೆದು, ಶುಂಠಿ ಕಿತ್ತು, ದೀಪ ಹಚ್ಚೋ ಹೊತ್ತಿಗೆ ಮನೆ ಸೇರೋ ಅವ್ವನಿಗೆ ಆ ಪುಸ್ತಕದಿಂದ ಏನಾಗಬೇಕು? ನಮ್ಮ ಮಕ್ಕಳ ಗಾಯ ಬೇರೆ. ಆ ಗಾಯದ ಹೆಸರು ಆ ಪುಸ್ತಕಗಳಲ್ಲಿ ಇಲ್ಲ.

ನಾಲ್ಕೋ ಐದೋ ವರ್ಷಕ್ಕೆ ಮಗು ಒಂದು ಮಾತು ಕೇಳ್ತದೆ. "ಅವ್ವ, ನಾವ್ಯಾಕೆ ಒಳಕ್ಕೆ ಹೋಗಬಾರದು?" ಅವ್ವ ಏನಂತಾಳೆ? "ಸುಮ್ಕಿರು" ಅಂತಾಳೆ. ಇಲ್ಲವೆ "ದೇವರು ಕಣ್ಣು ಕೀಳ್ತಾನೆ" ಅಂತಾಳೆ. ಮತ್ತೆ ಕೇಳಿದರೆ ಬೆನ್ನಿಗೊಂದು ಬೀಳ್ತದೆ. ಯಾಕೆ ಅಂತ ನನಗೆ ಗೊತ್ತು. ಮಗು ಹೊಸ್ತಿಲು ದಾಟಿಬಿಟ್ಟರೆ ಏನಾಗ್ತದೆ ಅನ್ನೋ ಭಯ. ಆ ಭಯ ಸುಳ್ಳಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಅಪ್ಪ ಮಗುವನ್ನ ಹುಟ್ಟಿದ ದಿನ ಅಂತ ಆಂಜನೇಯನ ಗುಡಿ ಹತ್ತಿರ ಕರಕೊಂಡು ಹೋದ. ಹೊರಗೇ ನಿಂತು ಕೈ ಮುಗಿದ. ಮಗು ಒಳಕ್ಕೆ ಓಡಿತು. ಮಗು ಇರೋದೇ ಹಾಗೆ, ತೆರೆದ ಬಾಗಿಲು ಕಂಡರೆ ಓಡ್ತದೆ. ಗುಡಿ ಶುದ್ಧ ಮಾಡಬೇಕು ಅಂತ ಇಪ್ಪತ್ತೈದು ಸಾವಿರ ದಂಡ ಕೇಳಿದರು. ಮಾರನೆ ವರ್ಷ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಕೋಲು ಮುಟ್ಟಿದ್ದಕ್ಕೆ ಅರವತ್ತು ಸಾವಿರ ಕೇಳಿದರು. ಆ ಮನೆಯವರು ದೇವರ ಪಟಗಳನ್ನ ತೆಗೆದು ಬಾಬಾಸಾಹೇಬರ ಪಟ ಇಟ್ಟರು. ಎಲ್ಲರೂ ದೇವರು ತೆಗೀರಿ ಅಂತ ಇವತ್ತು ನಾನು ಹೇಳೋಕೆ ಬಂದಿಲ್ಲ. ಆ ಹುಡುಗನ ಕಡೆಯಿಂದ ನೋಡಿ. ಊರೆಲ್ಲ ನೀನು ತಪ್ಪು ಮಾಡಿದೆ ಅಂದಾಗ, ಮನೆಯವರು ಗೋಡೆಯ ಮೇಲಿನ ಪಟ ಬದಲಾಯಿಸಿ, ತಪ್ಪು ನಿನ್ನದಲ್ಲ ಮಗ ಅಂದಂಗಾಯ್ತು.

ನಮ್ಮ ಜಿಲ್ಲೆ ಏನೂ ಕಮ್ಮಿಯಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ನಮ್ಮ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಕ್ಕೆ ಹೋದರು ಅಂತ ದಂಡ ಹಾಕಿದರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಗುಡಿಯೊಳಗೆ ಕಾಲಿಡೋಕೆ 2021ರಲ್ಲಿ ಅಧಿಕಾರಿಗಳು, ಪೊಲೀಸರು ಬಂದು ನಿಲ್ಲಬೇಕಾಯ್ತು. ಪೇಪರಿನವರು ದೊಡ್ಡವರನ್ನ ಮಾತಾಡಿಸಿದರು. ಅವ್ವಂದಿರ ಸೆರಗು ಹಿಡಿದು ನಿಂತ ಮಕ್ಕಳು ಆ ರಾತ್ರಿ ಏನು ಕೇಳಿದವು ಅಂತ ಯಾರೂ ಬರೆಯಲಿಲ್ಲ.

ಮಗುವಿಗೆ ಏನೂ ಹೇಳದಿದ್ದರೆ ಅದಕ್ಕೆ ಏನೂ ಗೊತ್ತಾಗಲ್ಲ ಅಂತ ನಾವು ತಿಳಕೊಂಡಿದ್ದೀವಿ. ಹಂಗಲ್ಲ. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅನ್ನೋ ಕರಿಯ ಗಂಡ ಹೆಂಡತಿ ಇದ್ದರು, ಮನಸ್ಸಿನ ಶಾಸ್ತ್ರ ಓದಿದವರು. 1940ರ ಸುಮಾರಿನಲ್ಲಿ ಅವರು ಮೂರರಿಂದ ಏಳು ವರ್ಷದ ಕರಿಯ ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು, ಒಳ್ಳೆ ಗೊಂಬೆ ಯಾವುದು, ಕೆಟ್ಟದು ಯಾವುದು ಅಂತ ಕೇಳಿದರು. ಬಹಳ ಮಕ್ಕಳು ಬಿಳೀದೇ ಒಳ್ಳೇದು ಅಂದವು. ಕೊನೆಗೆ, ನಿನ್ನ ಹಾಗೆ ಇರೋ ಗೊಂಬೆ ಯಾವುದು ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟವು. ಅಷ್ಟು ಸಣ್ಣ ಮಕ್ಕಳು! 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಿಳಿಯರಿಗೊಂದು ಕರಿಯರಿಗೊಂದು ಶಾಲೆ ಕೂಡದು ಅಂತ ತೀರ್ಪು ಕೊಟ್ಟಾಗ ಈ ಅಧ್ಯಯನವೂ ಅದರ ಮುಂದಿತ್ತು. ಯಾರೂ ಹೇಳಿಕೊಡದೆ ಮಗು ಕಲಿತುಕೊಳ್ತದೆ. ಊರಗೌಡರ ಮುಂದೆ ಅಪ್ಪ ಬಗ್ಗೋದು, ಟವೆಲ್ಲು ಹೆಗಲಿಂದ ಕಂಕುಳಕ್ಕೆ ಇಳಿಯೋದು, ಎಲ್ಲಾನೂ ನೋಡ್ತದೆ. ಏನಾಯ್ತು ಅಂತ ನಾವು ಹೇಳದಿದ್ದರೆ ಅದು ತಾನೇ ಒಂದು ಕಾರಣ ಕಟ್ಟಿಕೊಳ್ತದೆ. ಆ ಕಾರಣ ಯಾವುದು ಗೊತ್ತೆ? "ನಾನು ಕೊಳಕು."

ಇನ್ನು ಶಾಲೆ. ನಾನು ಓದಿದ ಒಂದು ಶಾಲೆಯಲ್ಲಿ, ಹೆಸರು ಬ್ಯಾಡ, "ಸ್ಕಾಲರ್‌ಶಿಪ್ ಹುಡುಗರು ಎದ್ದು ನಿಲ್ರೋ" ಅನ್ನೋರು. ಎದ್ದು ನಿಲ್ತಿದ್ದೆವು. ಕೂತ ಮೇಲೆ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಕಣ್ಣಿಗೆ ಕಾಣ್ತಿರಲಿಲ್ಲ. ಇದು ನನ್ನೊಬ್ಬನ ಕತೆಯಲ್ಲ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಯ ಆರು ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕೋ ಒಗಟು ಕೊಟ್ಟರು. ಜಾತಿ ಹೇಳದೆ ಆಡಿಸಿದಾಗ ನಮ್ಮ ಹುಡುಗರು ಮೇಲ್ಜಾತಿ ಹುಡುಗರಿಗೆ ಸಮಸಮ. ಎಲ್ಲರ ಮುಂದೆ ಜಾತಿ ಕೂಗಿ ಆಡಿಸಿದಾಗ ನಮ್ಮವರು ಹಿಂದೆ ಬಿದ್ದರು. ತಲೆ ಅದೇ, ಒಗಟು ಅದೇ. ಮಗ ದಡ್ಡ ಅಂತ ಮೇಷ್ಟ್ರು ಹೇಳಿ ಕಳಿಸಿದರೆ ಆ ಮಾತನ್ನ ಮನೆಗೆ ತಂದು ಮಗನ ತಲೆಗೆ ಹಾಕಬ್ಯಾಡಿ.

ಬೆಳಿಗ್ಗೆ ಹೊಟ್ಟೆನೋವು ಅಂತದೆ, ಭಾನುವಾರ ಹೊಟ್ಟೆನೋವಿಲ್ಲ. ಹಾಸಿಗೆಯಲ್ಲಿ ಉಚ್ಚೆ ಹೊಯ್ಕೊಳ್ತದೆ, ನಿದ್ದೆಯಲ್ಲಿ ಚೀರ್ತದೆ. ನಾವು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸ್ತೀವಿ. ಕಟ್ಟಿಸೋರು ಕಟ್ಟಿಸಿ, ಆದರೆ ಅದಕ್ಕೆ ಮುಂಚೆ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿ: ಬಿಸಿಯೂಟಕ್ಕೆ ಯಾರ ಪಕ್ಕ ಕೂತೆ? ನೀರು ಯಾರು ಕೊಟ್ಟರು? ಕಕ್ಕಸು ತೊಳೆಯೋಕೆ ಯಾರನ್ನ ಕಳಿಸಿದರು? ಒಂದೇ ಸಲಕ್ಕೆ ಹೇಳಲ್ಲ. ಎರಡು ಮೂರು ದಿನ ಕೇಳಬೇಕು. ಹೇಳಿದ ಮೇಲೆ "ನೀನೇನು ಮಾಡಿದ್ದೆ ಮೊದಲು?" ಅಂತ ಮಾತ್ರ ಕೇಳಬ್ಯಾಡಿ. ಹಂಗೆ ಕೇಳಿದ ದಿನದಿಂದ ಮಗು ನಿಮಗೆ ಏನೂ ಹೇಳಲ್ಲ.

ಅಣ್ಣಂದಿರಿಗೆ ಒಂದು ಮಾತು, ಸಿಟ್ಟು ಮಾಡ್ಕೋಬ್ಯಾಡಿ. ಸಾಹುಕಾರ ಬೈದ ಬೈಗುಳವನ್ನ ಸಾರಾಯಿ ಅಂಗಡಿ ಮೇಲಿಂದ ಮನೆಗೆ ತಂದು ಮಗನ ಬೆನ್ನ ಮೇಲೆ ಇಳಿಸ್ತೀವಲ್ಲ, ಅದು ಯಾರ ಕೆಲಸ ನಾವು ಮಾಡೋದು? ಹೊರಗೆ ಊರು ಹೊಡೀತದೆ, ಒಳಗೆ ಅಪ್ಪ ಹೊಡೀತಾನೆ. ಮಗು ಓಡಿಹೋಗಿ ನಿಲ್ಲೋದಾದರೂ ಎಲ್ಲಿ? ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತರು. ಜವಾನ ಬಂದು ಕೊಟ್ಟರೆ ನೀರು, ಇಲ್ಲದಿದ್ದರೆ ಇಲ್ಲ. 1901ರಲ್ಲಿ ಹೊಸ ಬಟ್ಟೆ ಹಾಕಿಕೊಂಡು ಕೋರೆಗಾಂವ್‌ನಲ್ಲಿದ್ದ ಅಪ್ಪನನ್ನ ನೋಡಲು ಹೊರಟ ಆ ಹುಡುಗರಿಗೆ ದಾರಿಯಲ್ಲಿ ರಾತ್ರಿಯೆಲ್ಲ ಕುಡಿಯೋ ನೀರು ಸಿಗಲಿಲ್ಲ. ಇವನ್ನೆಲ್ಲ ನಮ್ಮ ಭಾಷಣಗಾರರು ಹೇಳ್ತಾರೆ. ಆ ಮಗು ಸಂಜೆ ಯಾವ ಮನೆಗೆ ಬರ್ತಿತ್ತು ಅನ್ನೋದನ್ನ ಹೇಳಲ್ಲ. ತಾಯಿ ಭೀಮಾಬಾಯಿ ತೀರಿದ ಮೇಲೆ ಬೆನ್ನು ಬಾಗಿದ ಸೋದರತ್ತೆ ಮೀರಾಬಾಯಿ ಅವರನ್ನ ಅಕ್ಕರೆಯಿಂದ ಸಾಕಿದಳು. ಮುಂದೆ ಮುಂಬಯಿಯಲ್ಲಿ, ಪರೇಲಿನ ಒಂದೇ ಕೋಣೆಯ ಮನೆಯಲ್ಲಿ, ಅಪ್ಪ ರಾಮಜಿ ಮಗನನ್ನ ಬೇಗ ಮಲಗಿಸಿ, ತಾನು ಎಚ್ಚರವಿದ್ದು, ನಡುರಾತ್ರಿ ದಾಟಿದ ಮೇಲೆ ಓದಲು ಎಬ್ಬಿಸೋರು. ಪುಸ್ತಕಕ್ಕೆ ಕಾಸಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಒಡವೆ ಕೇಳಿ ಅಡ ಇಟ್ಟೋರು. ಕೋಣೆ ಒಂದೇ ಇತ್ತು, ಕೂಳಿಗೂ ಕಷ್ಟ ಇತ್ತು. ಆದರೂ ಆ ಮನೆಯಲ್ಲಿ ನಿನ್ನ ಮೇಲೆ ನಮಗೆ ನಂಬಿಕೆ ಇದೆ ಅಂತ ಮಗುವಿಗೆ ಗೊತ್ತಿತ್ತು.

ಹೆಣ್ಣು ಹೈಕ್ಳ ಬಗ್ಗೆಯೂ ಹೇಳಬೇಕು. ಅವ್ವ ಕೂಲಿಗೆ ಹೋದರೆ ಎಂಟು ವರ್ಷದವಳು ಸೊಂಟದಲ್ಲಿ ತಮ್ಮನನ್ನ ಹೊತ್ತು ಅರ್ಧ ಅವ್ವ ಆಗಿರ್ತಾಳೆ. ಕೂಲಿ ಬಿಡಿ ಅನ್ನೋಕೆ ನನಗೆ ಬಾಯಿಲ್ಲ. ಸಂಜೆ ಒಂದು ಗಳಿಗೆ ಕೂಸನ್ನ ನೀವು ಇಸ್ಕೊಂಡು ಅವಳನ್ನ ಕುಂಟೆಬಿಲ್ಲೆಗೆ ಬಿಡಿ. ಅಷ್ಟಾದರೂ ಆಗಲಿ.

ಹಾಸ್ಟೆಲ್ ಮಕ್ಕಳು ಇನ್ನೊಂದು ತರ. ಗೇಟಿನಲ್ಲಿ ಅತ್ತರೆ "ಗಂಡಸಾಗಿ ಅಳ್ತೀಯೇನ್ಲಾ" ಅಂತ ಗದರಿಸಿ ಬಸ್ಸು ಹತ್ತಬ್ಯಾಡಿ. ಅಳಲಿ ಬಿಡಿ. ಯಾವ ದಿನ ಬರ್ತೀವಿ ಅಂತ ಹೇಳಿದ್ದೀರೋ ಆ ದಿನ ಬನ್ನಿ. ಬರಲಾಗದಿದ್ದರೆ ಫೋನಾದರೂ ಮಾಡಿಸಿ. ಮಗು ಎಣಿಸ್ತಾ ಕೂತಿರ್ತದೆ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ನಿಮಗೆಲ್ಲ ನೆನಪಿದೆ. ಹೋಗಿ ನೋಡೋ ತಂದೆತಾಯಿ ಇದ್ದಾರೆ ಅಂತ ಗೊತ್ತಿರೋ ಮಗುವಿನ ಮೇಲೆ ಕೈ ಹಾಕೋಕೆ ಸ್ವಲ್ಪ ಯೋಚನೆ ಮಾಡ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯೋದು ಮಾತ್ರವಲ್ಲ, ಮನಸ್ಸಿಗೆ ಹಿಂಸೆ ಕೊಡೋದೂ ಕೂಡದು. ಜಾತಿ ಹಿಡಿದು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098, ದುಡ್ಡು ಬೀಳಲ್ಲ. ಬಿಇಓಗೆ ಅರ್ಜಿ ಬರೆಯೋಕೆ ಬಾರದಿದ್ದರೆ ಸಂಘದ ಹುಡುಗರು ಬರೆದುಕೊಡ್ತಾರೆ. ಅರ್ಜಿ ಕೊಡೋಕೆ ಒಬ್ಬೊಬ್ಬರೇ ಹೋಗಬ್ಯಾಡಿ, ಕೇರಿಯಿಂದ ನಾಲ್ಕು ಜನ ಹೋಗಿ.

ಇನ್ನು ಮಗು ಕೇಳಿದ ಆ ಮಾತಿಗೆ ಏನು ಹೇಳೋದು? ನನಗೆ ತೋಚಿದ್ದು ಇಷ್ಟು. "ನಮ್ಮನ್ನ ಒಳಕ್ಕೆ ಬಿಡಲ್ಲ ಮಗ. ಬಿಡದೆ ಇರೋದು ಅವರ ತಪ್ಪು. ನಿನ್ನದೂ ಅಲ್ಲ, ನಂದೂ ಅಲ್ಲ. ನನಗೂ ಸಿಟ್ಟು ಬರ್ತದೆ. ಅದಕ್ಕೇ ನಾನು ಸಭೆಗೆ ಹೋಗೋದು." ನಾಲ್ಕು ವರ್ಷದ ಮಗುವಿಗೂ ಇಷ್ಟು ಅರ್ಥ ಆಗ್ತದೆ. ಇದಕ್ಕಿಂತ ಒಳ್ಳೆ ಉತ್ತರ ನಿಮ್ಮಲ್ಲಿ ಯಾರಾದರೂ ಆಗಲೇ ಕೊಟ್ಟಿರಬಹುದು. ಆ ಮೂಲೆಯಲ್ಲಿ ಕೂತಿರೋ ಅವ್ವ ಆವಾಗಿಂದ ಕೈ ಎತ್ತುತಾ ಇದ್ದಾರೆ. ನಾನು ಕೂರ್ತೀನಿ, ಅವರು ಮಾತಾಡಲಿ.