ಹಳೆಯ ಮಟ್ಟು, ಹೊಸ ಹಾಡು



ಜನಪದ ಹಾಡಿಗೆ ಕರ್ತೃ ಇಲ್ಲ ಎಂಬುದು ವಾಡಿಕೆಯ ಮಾತು. ಹಾಗಾದರೆ ಜನಪದ ಮಟ್ಟಿನ ಮೇಲೆ ತಮ್ಮ ಮಾತನ್ನು ಕಟ್ಟಿದವರ ಹಾಡು ಯಾರದು? ಅಮೆರಿಕದ ಬಾಬ್ ಡಿಲನ್ ಅವರ ಎರಡನೆಯ ಧ್ವನಿಮುದ್ರಿಕೆ ‘ದಿ ಫ್ರೀವ್ಹೀಲಿನ್ ಬಾಬ್ ಡಿಲನ್’ ಈ ಪ್ರಶ್ನೆಯನ್ನು ನಮ್ಮೆದುರು ಇಡುತ್ತದೆ.

1962ರ ಮಾರ್ಚ್‌ನಲ್ಲಿ ಕೊಲಂಬಿಯಾ ಕಂಪೆನಿ ಹೊರತಂದ ಮೊದಲ ಮುದ್ರಿಕೆಯ 13 ಹಾಡುಗಳಲ್ಲಿ ಡಿಲನ್ ಬರೆದವು ಎರಡೇ. ಮೊದಲ ವರ್ಷ ಸುಮಾರು 5,000 ಪ್ರತಿಗಳಷ್ಟೇ ಮಾರಾಟವಾದವು. ಇವರನ್ನು ಕರೆತಂದ ನಿರ್ಮಾಪಕ ಜಾನ್ ಹ್ಯಾಮಂಡ್ ಕಂಪೆನಿಯೊಳಗೇ ಗೇಲಿಗೆ ಗುರಿಯಾದರು. 1963ರ ಮೇ 27ರಂದು ಎರಡನೆಯದು ಬಂದಾಗ ಲೆಕ್ಕ ತಿರುವುಮುರುವಾಗಿತ್ತು: 13ರಲ್ಲಿ 11 ಅವರವೇ. ಆಗ ಅವರ ವಯಸ್ಸು 22.

ಆದರೆ ‘ಅವರವೇ’ ಎಂದರೇನು? ‘ಬ್ಲೋಯಿಂಗ್ ಇನ್ ದಿ ವಿಂಡ್’ ಹಾಡಿನ ಧಾಟಿ ‘ನೋ ಮೋರ್ ಆಕ್ಷನ್ ಬ್ಲಾಕ್’ ಎಂಬ ಹಾಡಿನದು. ಗುಲಾಮಗಿರಿಯಿಂದ ಬಿಡಿಸಿಕೊಂಡ ಕಪ್ಪು ಜನರು, ತಮ್ಮನ್ನು ಹರಾಜು ಹಾಕುತ್ತಿದ್ದ ಕಟ್ಟೆಯನ್ನು ನೆನೆದು ಹಾಡುತ್ತಿದ್ದ ಹಾಡು ಅದು. ‘ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್’ ಎಂಬುದರ ಚೌಕಟ್ಟು ‘ಲಾರ್ಡ್ ರ್ಯಾಂಡಲ್’ ಎಂಬ ಹಳೆಯ ಲಾವಣಿಯದು. ಅಲ್ಲಿ ತಾಯಿ ಕೇಳುತ್ತಾಳೆ, ವಿಷ ಉಂಡು ಬಂದ ಮಗ ಉತ್ತರಿಸುತ್ತಾನೆ. ಡಿಲನ್ ಆ ಸವಾಲು-ಜವಾಬನ್ನು ಉಳಿಸಿಕೊಂಡು ಇಡೀ ಲೋಕಕ್ಕೇ ವಿಷವೇರಿದ ಕಥೆ ಹೇಳಿದರು. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟೇ ಇದನ್ನು ಬರೆಸಿತೆಂಬ ಪ್ರತೀತಿ ಮಾತ್ರ ನಿಲ್ಲುವುದಿಲ್ಲ. ಅಧ್ಯಕ್ಷ ಕೆನಡಿ ಆ ಸುದ್ದಿ ಪ್ರಕಟಿಸಿದ್ದು 1962ರ ಅಕ್ಟೋಬರ್ 22ರಂದು. ಡಿಲನ್ ಇದನ್ನು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ್ದು ಸರಿಯಾಗಿ ಒಂದು ತಿಂಗಳು ಮೊದಲು. ಅಣುಯುದ್ಧದ ಭೀತಿ ಅದಾಗಲೇ ಗಾಳಿಯಲ್ಲಿತ್ತು.

ಹೊಸ ಮಾತಿಗೆ ಬೆಲೆಯನ್ನೂ ತೆರಬೇಕಾಯಿತು. ಕಮ್ಯುನಿಸ್ಟ್ ವಿರೋಧಿ ಜಾನ್ ಬರ್ಚ್ ಸೊಸೈಟಿಯನ್ನು ಲೇವಡಿ ಮಾಡುವ ಹಾಡಿಗೆ ಸಿಬಿಎಸ್ ಟೆಲಿವಿಷನ್ ಒಪ್ಪಲಿಲ್ಲ. 1963ರ ಮೇ 12ರ ಆ ಕಾರ್ಯಕ್ರಮದಲ್ಲಿ ಬೇರೆ ಹಾಡು ಹಾಡಲೊಲ್ಲದೆ ಡಿಲನ್ ಹೊರನಡೆದರು. ಆ ಹಾಡು ಮುದ್ರಿಕೆಯಿಂದಲೂ ಹೊರಬಿತ್ತು. ಒಟ್ಟು ನಾಲ್ಕು ಹಾಡುಗಳು ಬದಲಾದವು.

ಅದೇ ವರ್ಷದ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಹಕ್ಕುಗಳ ಮೆರವಣಿಗೆಯಲ್ಲಿ ಪೀಟರ್, ಪಾಲ್ ಮತ್ತು ಮೇರಿ ತಂಡ ‘ಬ್ಲೋಯಿಂಗ್ ಇನ್ ದಿ ವಿಂಡ್’ ಹಾಡಿತು. ಗುಲಾಮರ ಧಾಟಿ ಅವರ ಮೊಮ್ಮಕ್ಕಳ ಸಭೆಗೆ ಮರಳಿತ್ತು. ಆ ಧಾಟಿಯ ಋಣವನ್ನು ಡಿಲನ್ 1978ರಲ್ಲಿ ಒಪ್ಪಿಕೊಂಡರು. 2016ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಸಂದಿತು. ಹರಾಜು ಕಟ್ಟೆಯ ಹಾಡು ಕಟ್ಟಿದವರ ಹೆಸರು ಯಾವ ಮುದ್ರಿಕೆಯ ಮೇಲೂ ಇಲ್ಲ. ಜನಪದದಿಂದ ಪಡೆದವರು ಅದಕ್ಕೆ ಹೊಸ ಜೀವ ಕೊಡಬಹುದು. ಆದರೂ ಋಣ ಋಣವೇ.